ಕಂಬ ಹತ್ತುವವನ ಕಾವಲಿಗೆ ಬಂದ ನಿಯಮಗಳು

ಮಳೆಗಾಲದ ರಾತ್ರಿ ಮರದ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದರೆ ಊರಿಗೆ ಊರೇ ಲೈನ್‌ಮನ್‌ನ ದಾರಿ ಕಾಯುತ್ತದೆ. ಬಂದ ಕೂಡಲೇ ಆತ ಕಂಬ ಹತ್ತಬೇಕೆಂಬುದು ಜನರ ಆತುರ. ಆತ ಮೊದಲು ಮಾಡಬೇಕಾದ ಕೆಲಸವೇ ಬೇರೆ. ವಿದ್ಯುತ್ ಉಪಕೇಂದ್ರವನ್ನು ಸಂಪರ್ಕಿಸಿ ‘ಎಲ್.ಸಿ.’ ಪಡೆಯಬೇಕು. ‘ಲೈನ್ ಕ್ಲಿಯರ್’ ಎಂಬುದರ ಹ್ರಸ್ವರೂಪ ಇದು. ಈ ಮಾರ್ಗಕ್ಕೆ ವಿದ್ಯುತ್ ನಿಲ್ಲಿಸಲಾಗಿದೆ, ನೀವು ಹೇಳುವವರೆಗೂ ಮತ್ತೆ ಹರಿಸುವುದಿಲ್ಲ ಎಂಬ ವಚನ ಅದರಲ್ಲಿ ಅಡಗಿದೆ. ಇಂಥ ವಚನವೊಂದು ನಿಯಮವಾಗಿ ರೂಪುಗೊಳ್ಳುವವರೆಗೆ ಹಲವು ದೇಶಗಳಲ್ಲಿ ಅಸಂಖ್ಯ ಕಾರ್ಮಿಕರು ಕಂಬಗಳ ಮೇಲೆಯೇ ಪ್ರಾಣ ಬಿಟ್ಟರು. ಮೇಲೆ ಹತ್ತಿದವನ ಜೀವಕ್ಕೆ ಹೊಣೆ ಯಾರು? ಅವನ ಎಚ್ಚರಿಕೆಯೇ, ಅಥವಾ ತಂತಿಯ ಒಡೆಯನೇ? ಈ ನಿಯಮಗಳ ಇತಿಹಾಸವೆಲ್ಲ ಆ ಒಂದು ಪ್ರಶ್ನೆಯ ಸುತ್ತ ನಡೆದಿದೆ.

1880ರ ದಶಕದಲ್ಲಿ ನ್ಯೂಯಾರ್ಕ್ ನಗರದ ಬೀದಿಗಳ ಮೇಲೆ ತಂತಿಗಳ ದಟ್ಟ ಜಾಲವೇ ಹರಡಿತ್ತು. ತಂತಿ ಸಮಾಚಾರ, ದೂರವಾಣಿ, ಬೀದಿದೀಪ ಹೀಗೆ ಒಂದೊಂದು ಕಂಪನಿಯೂ ತನ್ನ ತಂತಿಯನ್ನು ಇನ್ನೊಂದರ ಮಗ್ಗುಲಲ್ಲೇ ಎಳೆದಿತ್ತು. ಇವೆಲ್ಲವನ್ನೂ ನೆಲದಡಿಗೆ ಇಳಿಸಬೇಕೆಂದು 1884ರಲ್ಲೇ ಕಾನೂನಾಗಿತ್ತು. ಕಂಪನಿಗಳು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

1889ರ ಅಕ್ಟೋಬರ್ 11ರ ಮಧ್ಯಾಹ್ನ, ವೆಸ್ಟರ್ನ್ ಯೂನಿಯನ್ ತಂತಿ ಕಂಪನಿಯ ಕಾರ್ಮಿಕ ಜಾನ್ ಫೀಕ್ಸ್ ನಗರಸಭಾ ಭವನದ ಸಮೀಪದ ಕಂಬವೊಂದನ್ನು ಹತ್ತಿದ. ಆತ ಮುಟ್ಟಿದ್ದು ಕಡಿಮೆ ವೋಲ್ಟೇಜಿನ ಸಂದೇಶವಾಹಕ ತಂತಿ, ಮುಟ್ಟಿದರೆ ಅಪಾಯವಿಲ್ಲವೆಂದು ಎಲ್ಲರೂ ನಂಬಿದ್ದ ತಂತಿ. ಆದರೆ ಕೆಲವು ಬೀದಿಗಳಾಚೆ ಅದು ಬೀದಿದೀಪದ ಹೈವೋಲ್ಟೇಜ್ ತಂತಿಗೆ ತಗುಲಿಕೊಂಡಿತ್ತು. ಊಟದ ಹೊತ್ತಿನಲ್ಲಿ ಬೀದಿಗಿಳಿದಿದ್ದ ಸಾವಿರಾರು ಜನರ ಕಣ್ಣೆದುರಿನಲ್ಲೇ ಆತ ಸುಟ್ಟುಹೋದ. ಶವ ಮುಕ್ಕಾಲು ಗಂಟೆಯಷ್ಟು ಕಾಲ ತಂತಿಗಳ ನಡುವೆ ನೇತಾಡುತ್ತಿತ್ತು. ಆ ಕಂಬಕ್ಕೇ ಡಬ್ಬವೊಂದನ್ನು ಕಟ್ಟಿ, ಜನರು ಆತನ ಪತ್ನಿಗಾಗಿ ಹಣ ಕೂಡಿಸಿದರು. ತಂತಿಗಳನ್ನು ಕಿತ್ತುಹಾಕಲು ಮೇಯರ್ ಹ್ಯೂ ಗ್ರಾಂಟ್ ಮುಂದಾದರು. ದೀಪದ ಕಂಪನಿಗಳು ನ್ಯಾಯಾಲಯದಿಂದ ತಡೆಯಾಜ್ಞೆ ತಂದವು. ಅದು ತೆರವಾದ ಮೇಲೆ, ಅದೇ ಡಿಸೆಂಬರಿನಲ್ಲಿ, ಕಂಬಗಳನ್ನು ಕಡಿಯುವ ಕೆಲಸ ಆರಂಭವಾಯಿತು. ಕಾನೂನು ಇದ್ದರೂ ಅದು ಜಾರಿಯಾಗಲು ಹಾಡಹಗಲಿನ ಒಂದು ಸಾವು ಬೇಕಾಯಿತು.

ಫೀಕ್ಸ್‌ನ ಸಾವು ಕಲಿಸಿದ ತಾಂತ್ರಿಕ ಪಾಠವೂ ದೊಡ್ಡದು. ಎಷ್ಟೇ ಎಚ್ಚರಿಕೆ ವಹಿಸಿದ್ದರೂ ಆತ ಬದುಕುತ್ತಿರಲಿಲ್ಲ. ತಂತಿಯಲ್ಲಿ ವಿದ್ಯುತ್ ಇದೆಯೋ ಇಲ್ಲವೋ ಎಂಬುದು ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳುವುದೂ ಇಲ್ಲ. ಅಪಾಯ ಹುಟ್ಟಿದ್ದು ಆತ ಕಾಣಲಾರದಷ್ಟು ದೂರದಲ್ಲಿ. ಹಾಗಾಗಿ ‘ಕೆಲಸಗಾರ ಜಾಗರೂಕನಾಗಿರಬೇಕು’ ಎಂಬ ಬುದ್ಧಿಮಾತಿನಿಂದ ಪ್ರಯೋಜನವಿರಲಿಲ್ಲ.

ಇದನ್ನು ಮೊದಲು ಮನಗಂಡವರು ಕಾರ್ಮಿಕರೇ. ಹೆನ್ರಿ ಮಿಲ್ಲರ್ ಎಂಬ ಲೈನ್‌ಮನ್ ಊರೂರು ತಿರುಗಿ ಸಂಗಾತಿಗಳನ್ನು ಒಗ್ಗೂಡಿಸಿದ. 1891ರ ನವೆಂಬರ್ 28ರಂದು ಸೇಂಟ್ ಲೂಯಿಯಲ್ಲಿ 286 ಸದಸ್ಯರ ಪರವಾಗಿ ಹತ್ತು ಮಂದಿ ಪ್ರತಿನಿಧಿಗಳು ಸೇರಿ ವಿದ್ಯುತ್ ಕಾರ್ಮಿಕರ ರಾಷ್ಟ್ರೀಯ ಸಂಘವನ್ನು ಕಟ್ಟಿದರು. ಮಿಲ್ಲರ್ ಅದರ ಪ್ರಥಮ ಅಧ್ಯಕ್ಷನಾದ. ಆಗ ಕೆಲವು ಪ್ರದೇಶಗಳಲ್ಲಿ ಕೆಲಸಕ್ಕೆ ಸೇರಿದ ಇಬ್ಬರು ಲೈನ್‌ಮನ್‌ಗಳಲ್ಲಿ ಒಬ್ಬ ಕೆಲಸದಲ್ಲೇ ಸಾಯುತ್ತಿದ್ದನೆಂದು ಆ ಸಂಘದ ಇತಿಹಾಸ ಹೇಳುತ್ತದೆ. ಸರಿಯಾದ ತರಬೇತಿ ಇರಲಿಲ್ಲ. ಕೆಲಸದ ಅವಧಿಗೆ ಮಿತಿಯಿರಲಿಲ್ಲ. 1896ರ ಜುಲೈ 10ರಂದು ವಾಷಿಂಗ್ಟನ್ ನಗರದಲ್ಲಿ ಮಿಲ್ಲರ್ ಕೂಡ ವಿದ್ಯುದಾಘಾತಕ್ಕೆ ಒಳಗಾಗಿ ಕಂಬದಿಂದ ಬಿದ್ದು ತೀರಿಕೊಂಡ. ಆಗ ಆತನಿಗೆ 43 ವರ್ಷ.

ಇಂಥ ಅನುಭವಗಳಿಂದ ಕ್ರಮೇಣ ರೂಪುಗೊಂಡ ಕಾರ್ಯಕ್ರಮ ಇಂದು ಎಲ್ಲ ದೇಶಗಳಲ್ಲೂ ಹೆಚ್ಚುಕಡಿಮೆ ಒಂದೇ. ಮೊದಲು ಮಾರ್ಗವನ್ನು ಎಲ್ಲ ಕಡೆಯಿಂದಲೂ ಕಡಿತಗೊಳಿಸಬೇಕು. ಯಾರೂ ಮತ್ತೆ ಸ್ವಿಚ್ ಹಾಕದಂತೆ ಬೀಗ ಜಡಿದು ಎಚ್ಚರಿಕೆಯ ಫಲಕ ತೂಗಬೇಕು. ವಿದ್ಯುತ್ ಇಲ್ಲವೆಂಬುದನ್ನು ಉಪಕರಣದಿಂದ ಪರೀಕ್ಷಿಸಬೇಕು. ನಂತರ ಕೆಲಸದ ಜಾಗದ ಎರಡೂ ಬದಿ ತಂತಿಗಳನ್ನು ಒಂದಕ್ಕೊಂದು ಜೋಡಿಸಿ ಭೂಮಿಗೆ ಸೇರಿಸಬೇಕು. ಸಮೀಪದಲ್ಲಿ ವಿದ್ಯುತ್ ಹರಿಯುತ್ತಿರುವ ಭಾಗಗಳಿದ್ದರೆ ಅವಕ್ಕೆ ಮರೆ ಮಾಡಬೇಕು.

ಇವುಗಳಲ್ಲಿ ‘ಅರ್ಥಿಂಗ್’ ಕೊನೆಯ ಕಾವಲುಗಾರ. ಯಾರದೋ ತಪ್ಪಿನಿಂದ ಮಾರ್ಗಕ್ಕೆ ವಿದ್ಯುತ್ ಬಂದರೂ ಅದು ಭೂಮಿಗೆ ಹರಿದು, ಉಪಕೇಂದ್ರದ ರಕ್ಷಣಾ ಸಾಧನ ಕ್ಷಣದಲ್ಲಿ ಪ್ರವಾಹವನ್ನು ನಿಲ್ಲಿಸುತ್ತದೆ. ಇದನ್ನು ಅಳವಡಿಸುವಾಗ ಮೊದಲು ಭೂಮಿಯ ತುದಿ, ಆಮೇಲೆ ತಂತಿಯ ತುದಿ. ತೆಗೆಯುವಾಗ ಇದಕ್ಕೆ ತಿರುವುಮುರುವು. ಈ ಕ್ರಮ ತಪ್ಪಿದರೆ ರಕ್ಷಿಸಬೇಕಾದ ಸಾಧನವೇ ಕೊಲ್ಲಬಹುದು.

ಪದ್ಧತಿ ಗೊತ್ತಾದ ಮಾತ್ರಕ್ಕೆ ಅದು ಕಾನೂನಾಗಲಿಲ್ಲ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ವಿದ್ಯುತ್ ಸುರಕ್ಷತಾ ಸಂಹಿತೆಯ ಕೆಲಸಕ್ಕೆ ಕೈಹಾಕಿದ್ದು 1913ರಲ್ಲಿ. ಕೆಲಸದ ಸ್ಥಳದ ಸುರಕ್ಷತೆಗಾಗಿ ಇಡೀ ದೇಶಕ್ಕೆ ಅನ್ವಯವಾಗುವ ಕಾಯಿದೆ ಬಂದದ್ದು 1970ರಲ್ಲಿ. ಅದರ ಅಡಿಯಲ್ಲಿ ವಿದ್ಯುತ್ ಮಾರ್ಗಗಳ ನಿರ್ವಹಣೆಗೆಂದೇ ವಿವರವಾದ ನಿಯಮಾವಳಿ ಪ್ರಕಟವಾಗಲು 1994ರ ಜನವರಿವರೆಗೆ ಕಾಯಬೇಕಾಯಿತು. ಫೀಕ್ಸ್ ಸತ್ತು ಆಗ 104 ವರ್ಷ ಕಳೆದಿತ್ತು. ಕೆಲಸಕ್ಕೆ ಮುನ್ನ ತಂಡಕ್ಕೆ ಅಪಾಯಗಳನ್ನು ವಿವರಿಸುವುದು, ಅಪಾಯಕಾರಿ ಕೆಲಸಗಳಲ್ಲಿ ಕನಿಷ್ಠ ಇಬ್ಬರಿರುವುದು, ತರಬೇತಿ ನೀಡುವುದು ಇವೆಲ್ಲ ಅಲ್ಲಿ ಮಾಲೀಕನ ಕರ್ತವ್ಯಗಳಾದವು. 2014ರ ತಿದ್ದುಪಡಿಯಲ್ಲಿ ಗುತ್ತಿಗೆದಾರನ ಕೆಲಸಗಾರರನ್ನೂ ಗಮನದಲ್ಲಿಟ್ಟು, ಮಾರ್ಗದ ಒಡೆಯನೂ ಗುತ್ತಿಗೆದಾರನೂ ಪರಸ್ಪರ ಮಾಹಿತಿ ನೀಡಬೇಕೆಂದು ವಿಧಿಸಲಾಯಿತು.

ಈ ಕಥೆಗೂ ಕನ್ನಡನಾಡಿಗೂ ನಂಟು ಹಳೆಯದು. ಮಿಲ್ಲರ್ ಸತ್ತ ಆರೇ ವರ್ಷಗಳಲ್ಲಿ, ಅಂದರೆ 1902ರಲ್ಲಿ, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಯಂತ್ರಗಳ ನೆರವಿನಿಂದ ಶಿವನಸಮುದ್ರದ ವಿದ್ಯುತ್ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. 1905ರಲ್ಲಿ ಬೆಂಗಳೂರಿನಲ್ಲಿ ದೀಪ ಬೆಳಗಿತು. ಕಾಡು ಬಯಲುಗಳನ್ನು ದಾಟಿ ಬಂದ ಆ ಮಾರ್ಗವನ್ನು ಕಾಯಲು ನಮ್ಮ ನಾಡಿನಲ್ಲೂ ಹೊಸದೊಂದು ಕಸುಬು ಹುಟ್ಟಿಕೊಂಡಿತು.

ಬ್ರಿಟಿಷ್ ಭಾರತದ 1910ರ ವಿದ್ಯುತ್ ಕಾಯಿದೆ, ವಿದ್ಯುತ್ ಇನ್‌ಸ್ಪೆಕ್ಟರ್ ಹುದ್ದೆಗೆ ಅವಕಾಶ ಕಲ್ಪಿಸಿತ್ತು. ಸ್ವಾತಂತ್ರ್ಯಾನಂತರ ಅದೇ ಕಾಯಿದೆಯಡಿ 1956ರ ಭಾರತೀಯ ವಿದ್ಯುತ್ ನಿಯಮಗಳು ಬಂದವು. ಟ್ರಾನ್ಸ್‌ಫಾರ್ಮರಿನ ಬಳಿ ಕಾಣುವ ತಲೆಬುರುಡೆಯ ‘ಅಪಾಯ’ ಫಲಕ ಇದರ 35ನೇ ನಿಯಮದ ಕೊಡುಗೆ. ಮುಂದಿನ 36ನೇ ನಿಯಮ ಲೈನ್‌ಮನ್‌ಗೆ ಸಂಬಂಧಿಸಿದ್ದು. ತಂತಿ ಮುಟ್ಟುವ ಮುನ್ನ ಅರ್ಥಿಂಗ್ ಅಥವಾ ತಕ್ಕ ಬೇರೆ ವಿಧಾನದಿಂದ ಅದನ್ನು ನಿರಪಾಯಗೊಳಿಸಬೇಕು. ಕೈಗವಸು, ರಬ್ಬರ್ ಬೂಟು, ಸುರಕ್ಷಾ ಬೆಲ್ಟು, ಏಣಿ, ಹೆಲ್ಮೆಟ್, ಲೈನ್ ಟೆಸ್ಟರ್ ಮೊದಲಾದವನ್ನು ಕೆಲಸಗಾರನಿಗೆ ಒದಗಿಸಬೇಕು ಎಂದು ಅದು ಹೇಳಿತು. ‘ಒದಗಿಸಬೇಕು’ ಎಂಬ ಮಾತಿನಲ್ಲಿಯೇ ಹೊಣೆ ಯಾರದೆಂಬ ಪ್ರಶ್ನೆಗೆ ಉತ್ತರವಿದೆ. 2003ರ ವಿದ್ಯುತ್ ಕಾಯಿದೆಯ ಬಳಿಕ ಕೇಂದ್ರ ವಿದ್ಯುತ್ ಪ್ರಾಧಿಕಾರ 2010ರಲ್ಲಿ ಹೊಸ ಸುರಕ್ಷತಾ ನಿಬಂಧನೆಗಳನ್ನು ತಂದಿತು. 2023ರಲ್ಲಿ ಅವುಗಳ ಸ್ಥಾನಕ್ಕೆ ಪರಿಷ್ಕೃತ ನಿಬಂಧನೆಗಳು ಬಂದವು. ಅಪಘಾತವಾದರೆ ಇನ್‌ಸ್ಪೆಕ್ಟರಿಗೆ ಸೂಚನೆ ಹೋಗಬೇಕು ಎಂಬುದೂ, ತನಿಖೆಗೆ ಆದೇಶಿಸುವ ಅಧಿಕಾರವೂ 2003ರ ಕಾಯಿದೆಯ 161ನೇ ಕಲಮಿನಲ್ಲಿವೆ.

ಇಷ್ಟೆಲ್ಲ ಇದ್ದರೂ ಫೀಕ್ಸ್‌ನನ್ನು ಕೊಂದ ಅಪಾಯ ಹೊಸ ವೇಷದಲ್ಲಿ ನಮ್ಮ ನಡುವೆಯೇ ಇದೆ. ಕರೆಂಟು ಹೋದಾಗ ಮನೆಯವರು ಅಥವಾ ಅಂಗಡಿಯವರು ಜನರೇಟರ್ ಹಾಕುತ್ತಾರೆ. ಅದನ್ನು ಸರಬರಾಜು ಮಾರ್ಗದಿಂದ ಬೇರ್ಪಡಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದಿದ್ದರೆ, ಮನೆಯ ವಿದ್ಯುತ್ ಹಿಂದಕ್ಕೆ ಹರಿದು ಬೀದಿಯ ಟ್ರಾನ್ಸ್‌ಫಾರ್ಮರನ್ನು ಸೇರುತ್ತದೆ. ವೋಲ್ಟೇಜನ್ನು ಇಳಿಸುವ ಟ್ರಾನ್ಸ್‌ಫಾರ್ಮರ್ ಹಿಮ್ಮುಖವಾಗಿ ಏರಿಸಲೂ ಬಲ್ಲದು. 230 ವೋಲ್ಟ್ ಆಗ ಕಂಬದ ಮೇಲೆ 11,000 ವೋಲ್ಟ್ ಆಗಬಹುದು. ಉಪಕೇಂದ್ರದವರು ಕೊಟ್ಟ ಎಲ್.ಸಿ. ನಿಜವಾಗಿಯೇ ಇರುತ್ತದೆ, ಆದರೂ ತಂತಿಯಲ್ಲಿ ವಿದ್ಯುತ್ ಇರುತ್ತದೆ. ಅದಕ್ಕಾಗಿಯೇ ಬಾಯಿಮಾತಿನ ಅನುಮತಿ ಸಾಲದು. ಕೆಲಸದ ಜಾಗದಲ್ಲೇ ಪರೀಕ್ಷೆಯೂ ಅರ್ಥಿಂಗೂ ಆಗಲೇಬೇಕು.

ನಿಯಮಗಳು ಸೋಲುವುದು ಸಾಮಾನ್ಯವಾಗಿ ಆತುರದ ಗಳಿಗೆಯಲ್ಲಿ. ಅರ್ಥಿಂಗ್ ಸಲಕರಣೆ ದೂರದ ಕಚೇರಿಯಲ್ಲಿ ಉಳಿದಿರುತ್ತದೆ, ಜೊತೆಗೊಬ್ಬ ಸಹಾಯಕ ಇರುವುದಿಲ್ಲ, ಕೆಳಗೆ ನಿಂತವರು ಬೇಗ ಮುಗಿಸೆಂದು ಕೂಗುತ್ತಿರುತ್ತಾರೆ. ‘ಸಲಕರಣೆ ಬರುವವರೆಗೆ ಹತ್ತುವುದಿಲ್ಲ’ ಎಂದು ಹೇಳುವ ಧೈರ್ಯ ಕಾಯಂ ನೌಕರನಿಗಿದ್ದಷ್ಟು ಗುತ್ತಿಗೆ ನೌಕರನಿಗೆ ಇರಲಾರದು. ಹಾಗೆ ಹೇಳಿದವನಿಗೆ ಶಿಕ್ಷೆಯಾಗದಂತೆ ನೋಡಿಕೊಳ್ಳುವುದೇ ಮೇಲಧಿಕಾರಿಗಳು ಮಾಡಬೇಕಾದ ನಿಜವಾದ ಜಾರಿ. ಇದರಲ್ಲಿ ಊರಿನವರದೂ ಒಂದು ಪಾಲಿದೆ. ಕಂಬದ ಕೆಳಗೆ ಅರ್ಥಿಂಗ್ ಕಟ್ಟುವಷ್ಟು ಹೊತ್ತು ಕತ್ತಲಲ್ಲಿ ಸುಮ್ಮನೆ ಕಾಯುವುದು, ಅಲ್ಲಿಯವರೆಗೆ ಮನೆಯ ಜನರೇಟರನ್ನು ನಿಲ್ಲಿಸುವುದು ಅವರಿಂದಾಗುವ ಸಹಾಯ.