ಕಾರಿನ ಸೈಲೆನ್ಸರ್ ಬದಲಿಸಿದರೆ ಪವರ್, ಮೈಲೇಜ್ ಎರಡೂ ಹೆಚ್ಚುತ್ತವೆಯೇ?

ಕಂಪನಿ ಸೈಲೆನ್ಸರ್ ಇಂಜಿನ್‌ನ ಉಸಿರು ಕಟ್ಟಿಸುತ್ತದೆ, ಅದನ್ನು ತೆಗೆದರೆ ಪವರ್ ಮತ್ತು ಮೈಲೇಜ್ ಎರಡೂ ಹೆಚ್ಚುತ್ತವೆ, ಮನೆಯಲ್ಲೇ ಬದಲಿಸಿಕೊಳ್ಳಬಹುದು ಎನ್ನುವ ಮೆಸೇಜ್, ವಿಡಿಯೋಗಳು ವಾಟ್ಸಾಪ್‌ನಲ್ಲಿ ಓಡಾಡುತ್ತಿರುತ್ತವೆ. ಇದರಲ್ಲಿ ನಿಜ ಸ್ವಲ್ಪ, ಉತ್ಪ್ರೇಕ್ಷೆ ಜಾಸ್ತಿ. ಜೀವಕ್ಕೆ ಕುತ್ತು ತರುವ ಒಂದು ವಿಷಯವನ್ನಂತೂ ಅವು ಹೇಳುವುದೇ ಇಲ್ಲ.

ಪೆಟ್ರೋಲ್ ಕಾರಿನ ಹೊಗೆ ಮೊದಲು ಮ್ಯಾನಿಫೋಲ್ಡ್, ನಂತರ ಕ್ಯಾಟಲಿಟಿಕ್ ಕನ್ವರ್ಟರ್, ಕೊನೆಗೆ ಸೈಲೆನ್ಸರ್ ದಾಟಿ ಹೊರಬರುತ್ತದೆ. ಕನ್ವರ್ಟರ್‌ನ ಹಿಂದಿನ ಭಾಗವನ್ನಷ್ಟೇ ಬದಲಿಸಿದರೆ ಸಣ್ಣ ಕಾರುಗಳಲ್ಲಿ ಬದಲಾಗುವುದು ಮುಖ್ಯವಾಗಿ ಸದ್ದು. ಸದ್ದು ಜೋರಾದಾಗ ಕಾರು ಜೋರಾಗಿ ಓಡಿದಂತೆ ಅನಿಸುವುದು ಕಿವಿಯ ಮೋಸ. ಪೈಪ್ ತೀರಾ ದಪ್ಪವಾದರೆ ಹೊಗೆಯ ವೇಗ ತಗ್ಗಿ, ಕಡಿಮೆ ಆರ್‌ಪಿಎಂನಲ್ಲಿ ಎಳೆತವೇ ಕುಂದಬಹುದು. ಟರ್ಬೊ ಕಾರಿನಲ್ಲಿ ಮುಂಭಾಗದ ಪೈಪ್ ಬದಲಿಸಿ, ಇಸಿಯು ಟ್ಯೂನ್ ಮಾಡಿಸಿದರೆ ಪವರ್ ನಿಜಕ್ಕೂ ಹೆಚ್ಚುತ್ತದೆ. ಆದರೆ ಅದು ಬೇರೆಯೇ ಖರ್ಚಿನ ಲೆಕ್ಕ.

ಕನ್ವರ್ಟರ್ ಬಿಚ್ಚಿಸಬಹುದೇ? ಬೇಡವೇ ಬೇಡ. ಅದರೊಳಗಿನ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪನವು ವಿಷಕಾರಿ ಕಾರ್ಬನ್ ಮೊನಾಕ್ಸೈಡ್, ನೈಟ್ರೋಜನ್ ಆಕ್ಸೈಡ್‌ಗಳನ್ನು ಬಹುಪಾಲು ನಿರಪಾಯಕಾರಿಯಾಗಿಸುತ್ತದೆ. ಅದನ್ನು ಉಚಿತವಾಗಿ ಬಿಚ್ಚಿಕೊಡುತ್ತೇವೆ ಎನ್ನುವವರ ಬಗ್ಗೆ ಎಚ್ಚರವಿರಲಿ. ಆ ಲೋಹಗಳಿಂದಾಗಿ ಗುಜರಿಯಲ್ಲೂ ಅದಕ್ಕೆ ಒಳ್ಳೆಯ ಬೆಲೆ ಇದೆ.

ಮನೆಯಲ್ಲೇ ಮಾಡುವವರು ಎಡವುವುದು ಜೋಡಣೆಯಲ್ಲಿ. ಗ್ಯಾಸ್ಕೆಟ್ ಸರಿಯಾಗಿ ಕೂರದೆ ಆಕ್ಸಿಜನ್ ಸೆನ್ಸರ್‌ಗಿಂತ ಮುಂಚೆ ಸೋರಿಕೆಯಾದರೆ, ಹೊರಗಿನ ಗಾಳಿ ಒಳಗೆ ಸೇರುತ್ತದೆ. ಇಂಧನ ಸಾಲುತ್ತಿಲ್ಲವೆಂದು ತಪ್ಪು ತಿಳಿದ ಇಸಿಯು ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಹೆಚ್ಚಬೇಕಿದ್ದ ಮೈಲೇಜ್ ಇಳಿಯುವುದು ಹೀಗೆ. ಇದಕ್ಕಿಂತ ಭಯಾನಕವಾದುದು ಕಾರಿನಡಿ ಸೋರಿದ ಹೊಗೆ ಕ್ಯಾಬಿನ್ ಸೇರುವುದು. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕಾರಿನಲ್ಲಿ ಕೂತಾಗ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಕೂಡಲೇ ನಿಲ್ಲಿಸಿ, ಎಲ್ಲರೂ ಹೊರಗಿಳಿಯಿರಿ. ಕಡಿಮೆಯಾಗದಿದ್ದರೆ ಆಸ್ಪತ್ರೆಗೆ ಹೋಗಿ.

ನೀವೇ ಕೈಹಾಕುವುದಾದರೆ ಇಂಜಿನ್ ಪೂರ್ತಿ ತಣ್ಣಗಾಗಿರಲಿ. ಬರೀ ಜಾಕ್ ನಂಬಿ ಕಾರಿನಡಿ ನುಗ್ಗಬೇಡಿ, ಜಾಕ್ ಸ್ಟ್ಯಾಂಡ್ ಇಡಿ. ಹೊಸ ಗ್ಯಾಸ್ಕೆಟ್ ಬಳಸಿ. ಸ್ಟಾರ್ಟ್ ಮಾಡಿದ ತಕ್ಷಣ, ಪೈಪ್ ಬಿಸಿಯಾಗುವ ಮೊದಲೇ ಜಾಯಿಂಟ್‌ಗಳಿಗೆ ಸೋಪಿನ ನೀರು ಚಿಮುಕಿಸಿ. ಗುಳ್ಳೆ ಎದ್ದರೆ ಸೋರಿಕೆ ಇದೆ ಎಂದರ್ಥ. ವೆಲ್ಡಿಂಗ್ ಬೇಕಾದ ಕೆಲಸವನ್ನು ಗ್ಯಾರೇಜಿಗೇ ಬಿಡಿ.

ಗ್ಯಾರೇಜಿನಲ್ಲಿ ಮಾಡಿಸಿದರೆ ಕಾನೂನುಬದ್ಧ ಎಂಬುದೂ ತಪ್ಪು ಕಲ್ಪನೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 182ಎ(4) ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಶಬ್ದ ಮತ್ತು ವಾಯುಮಾಲಿನ್ಯದ ಮಿತಿ ಮೀರಿದರೆ ಸೆಕ್ಷನ್ 190(2)ರಡಿ ಮೊದಲ ಸಲವೇ 10,000 ರೂಪಾಯಿವರೆಗೆ ದಂಡ ಅಥವಾ 3 ತಿಂಗಳವರೆಗೆ ಜೈಲು, ಅಥವಾ ಎರಡೂ. ಜೊತೆಗೆ 3 ತಿಂಗಳು ಲೈಸೆನ್ಸ್ ಅನರ್ಹ. ಪಿಯುಸಿ ಸರ್ಟಿಫಿಕೇಟ್ ತೋರಿಸಿ ಪಾರಾಗಲು ಆಗದು, ಏಕೆಂದರೆ ಆ ಪರೀಕ್ಷೆ ಸದ್ದನ್ನು ಅಳೆಯುವುದಿಲ್ಲ.

ಈಗಾಗಲೇ ಬದಲಿಸಿದ್ದರೆ ಕಂಪನಿಯ ಹಳೆಯ ಸೈಲೆನ್ಸರ್ ಮಾರಬೇಡಿ. ಪೊಲೀಸರು ತೆಗೆಸಿದ ದಿನ ಅದನ್ನೇ ಮತ್ತೆ ಕೂರಿಸಬೇಕಾಗುತ್ತದೆ.