ಗುರುವಿಲ್ಲದ ಗದ್ದಲ

ಗುರುವಿನ ಎದುರು ಕುಳಿತು ಕಲಿತದ್ದೇ ಸಂಗೀತವೆಂಬುದು ಗದುಗಿನವರ ನಂಬಿಕೆ. ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳಿಂದ ಪುಟ್ಟರಾಜ ಗವಾಯಿಗಳಿಗೆ ವಿದ್ಯೆ ದಾಟಿ ಬಂದದ್ದು ಹಾಗೆಯೇ. ಅಂಥ ಊರಿನಲ್ಲಿ ಕುಳಿತು, ಗಂಟಲು ಹರಿಯುವಂತೆ ಕಿರುಚುವುದನ್ನೂ ಸಂಗೀತವೆಂದರೆ ಹಿರಿಯರು ನಕ್ಕಾರು. ಆದರೆ ಆ ಕಿರುಚಾಟಕ್ಕೂ ಒಂದು ಇತಿಹಾಸವಿದೆ. ಅದರ ನೆಂಟನೊಬ್ಬ ನಮ್ಮ ಬೆಂಗಳೂರಿನಲ್ಲೇ ಇದ್ದಾನೆ.

ಎಪ್ಪತ್ತರ ದಶಕದಲ್ಲಿ ನ್ಯೂಯಾರ್ಕ್, ಲಂಡನ್‌ಗಳಲ್ಲಿ ಹುಟ್ಟಿದ 'ಪಂಕ್' ಸಂಗೀತ ಅಮೆರಿಕದ ಹುಡುಗರ ಕೈಯಲ್ಲಿ ಇನ್ನಷ್ಟು ವೇಗ, ಸಿಟ್ಟು ಪಡೆದು 'ಹಾರ್ಡ್‌ಕೋರ್' ಆಯಿತು. ವಾಷಿಂಗ್ಟನ್ನಿನ ಇಯಾನ್ ಮೆಕೆಯ್ 1980ರಲ್ಲಿ 'ಮೈನರ್ ಥ್ರೆಟ್' ತಂಡ ಕಟ್ಟಿದ. ದೊಡ್ಡ ಕಂಪನಿಗಳ ಬಾಗಿಲು ಕಾಯದೆ, ಗೆಳೆಯನೊಡನೆ ಸೇರಿ 'ಡಿಸ್ಕಾರ್ಡ್' ಎಂಬ ಸ್ವಂತ ಧ್ವನಿಮುದ್ರಣ ಸಂಸ್ಥೆಯನ್ನೂ ತೆರೆದ. ಇದನ್ನೇ 'ಭೂಗತ' ಸಂಗೀತ ಎನ್ನುವುದು; ಮುಂಬಯಿಯ ಪಾತಕಿಗಳು ನೆನಪಾಗಬೇಕಿಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ಸ್ಯಾನ್ ಡಿಯಾಗೋದ ತಂಡಗಳು ಇದಕ್ಕೆ ಅಳುವನ್ನೂ ಬೆರೆಸಿದವು. ಅದು 'ಸ್ಕ್ರೀಮೋ'. ಹೆವಿ ಮೆಟಲ್ ಜತೆ ಹಾರ್ಡ್‌ಕೋರ್ ಕೂಡಿದಾಗ ಹುಟ್ಟಿದ ಕೂಸು 'ಥ್ರ್ಯಾಶ್'.

ಈ ಥ್ರ್ಯಾಶ್ ಮತ್ತು ಹಳೆಯ ಮೆಟಲ್ ಎರಡನ್ನೂ ನೆಚ್ಚಿಕೊಂಡು ನೋಲನ್ ಲೂಯಿಸ್, ಗಣೇಶ್ ಕೃಷ್ಣಸ್ವಾಮಿ 1998ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ತಂಡ 'ಕ್ರಿಪ್ಟಾಸ್'. ಗ್ರೀಕ್ ಭಾಷೆಯಲ್ಲಿ ಹಾಗೆಂದರೆ 'ಗುಪ್ತ'. ಹೆಸರಿಗೆ ತಕ್ಕಂತೆ ಹೆಚ್ಚು ಜನರಿಗೆ ಗೊತ್ತಾಗದೆಯೇ ಬೆಳೆಯಿತು. ಮೊದಲ ಆಲ್ಬಂ 'ಸ್ಪೈರಲ್ ಅಸೆಂಟ್' ಬಂದದ್ದು 2004ರಲ್ಲಿ, ಅಂದರೆ ಆರು ವರ್ಷದ ಬಳಿಕ. ಸಿನಿಮಾ ಹಾಡಿನ ನಾಡಿನಲ್ಲಿ ಇಂಥವರಿಗೆ ಮಾರುಕಟ್ಟೆ ಎಲ್ಲಿಯದು? ಆದರೂ 2007ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ 'ಐರನ್ ಮೇಡನ್' ಅರಮನೆ ಮೈದಾನಕ್ಕೆ ಬಂದಾಗ, ಈ ಸದ್ದಿಗೆ ಕಿವಿಗೊಡುವವರು ಇದ್ದಾರೆಂಬುದು ಊರಿಗೆಲ್ಲ ತಿಳಿಯಿತು.

ಕ್ರಿಪ್ಟಾಸ್ 2010ರಲ್ಲಿ ಯೂರೋಪ್ ಸುತ್ತಿತು. 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದಲ್ಲಿ ನುಡಿಸಿತು. ವಾಕೆನ್ ಸುಮಾರು 2,000 ಜನರಿರುವ ಹಳ್ಳಿ. ಉತ್ಸವಕ್ಕೆ ಸೇರುವವರು 75,000ಕ್ಕೂ ಹೆಚ್ಚು. ನಮ್ಮ ತೋಂಟದಾರ್ಯ ಜಾತ್ರೆ ಕಂಡವರಿಗೆ ಆ ನೂಕುನುಗ್ಗಲನ್ನು ವಿವರಿಸಬೇಕಿಲ್ಲ. 2016ರ 'ಬರ್ನ್ ಅಪ್ ದ ಸ್ಕೈ' ಆಲ್ಬಮನ್ನು ಹೊರತಂದದ್ದೂ ಜರ್ಮನಿಯ ಕಂಪನಿಯೇ. ಹೀಗೆ ಮನ್ನಣೆ ದೂರದಲ್ಲಿ ಸಿಕ್ಕಿತು.

ನನಗಿರುವ ತಕರಾರು ಒಂದೇ: ಹಾಡುಗಳೆಲ್ಲ ಇಂಗ್ಲಿಷಿನವು. ಕನ್ನಡದಲ್ಲಿ ಸಿಟ್ಟಿಗೇನು ಬರವೇ? ಕ್ರಿಪ್ಟಾಸ್ ಬಿಟ್ಟ ಗಣೇಶ್ ಮುಂದೆ ಹಾಡಿದ ತಂಡದ ಹೆಸರಿನಲ್ಲಾದರೂ ಕನ್ನಡ ನುಸುಳಿದೆ. ಅದು 'ಬೇವರ್ ಸೀ'. ಬಾಯಿಬಿಟ್ಟು ಹೇಳಿದರೆ 'ಬೇವರ್ಸಿ'! ನಮ್ಮ ಕಡೆ ಪೊಲೀಸರು 'ಬೇವಾರಸು ವಾಹನ' ಎನ್ನುತ್ತಾರಲ್ಲ, ಪಾರಸಿಯಿಂದ ಬಂದ ಅದೇ ಮಾತು: ವಾರಸುದಾರರಿಲ್ಲದ್ದು. ಆ ತಂಡದ ಮೊದಲ ಆಲ್ಬಂ 2012ರಲ್ಲಿ ಬಂತು. ಅದಕ್ಕೂ ಇಟ್ಟದ್ದು ಅದೇ ಹೆಸರು.