ಉಳ್ಳಾರ್ತಿ ಕಾವಲಿನ ಚಂದ್ರನ ಗುಂಡಿಗಳು

ನಮ್ಮ ಕಲ್ಯಾಣದುರ್ಗದ ಕಡೆಯಿಂದ ಪಡುವಲಿಗೆ ಗಡಿ ದಾಟಿದರೆ ಚಳ್ಳಕೆರೆ ಸೀಮೆ. ಕಂಬಳಿಗೆ ಹೆಸರಾದ ಊರು. ಅಲ್ಲಿ ಉಳ್ಳಾರ್ತಿ ಕಾವಲು ಅಂತ ಹುಲ್ಲುಗಾವಲು ಐತೆ. ಆ ಹುಲ್ಲಲ್ಲಿ ಚಂದ್ರಲೋಕದ ಗುಂಡಿ ತೋಡಿದ್ದಾರೆ ಅಂದಾಗ ನಾನೂ ಮೊದಲು ನಗೆಯಾಡಿದೆ. ನಿಜವೇ ಆಗಿತ್ತು.

ಮೊದಲು ಕಾವಲಿನ ಕಥೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳಿಗೆ ಬೆಣ್ಣೆ ಚಾವಡಿ ಅಂತ ಇಲಾಖೆ ಇತ್ತು. ಟಿಪ್ಪು ಅದಕ್ಕೆ ಅಮೃತ ಮಹಲ್ ಅಂತ ಹೆಸರಿಟ್ಟ. ಫಿರಂಗಿ ಎಳೆದಿದ್ದು ಇದೇ ತಳಿಯ ಎತ್ತುಗಳು. ಅವು ಮೇಯಲಿ ಅಂತ ಬಿಟ್ಟ ನೆಲವೇ ಕಾವಲು. ದನದ ಜೊತೆ ಸುತ್ತಲ ಹಳ್ಳಿಗಳ ಕುರಿ ಮೇಕೆ ಸಾಕಿದ್ದೂ ಅದೇ ನೆಲ. ಕಾಡುಗೊಲ್ಲರು ಗಣೆ ಊದಿ ಹಾಡೋ ಜುಂಜಪ್ಪನ ಕಥೆ ದನ ಕಾಯೋರ ಕಥೆಯೇ. ನಾವು ಪದ ಹೇಳೋರಿಗೆ ಕಾವಲು ಅಂದರೆ ಬರೀ ಸರ್ವೆ ನಂಬರಲ್ಲ.

ಇನ್ನು ಚಂದ್ರನ ಗುಂಡಿ. ಆಕಾಶದಿಂದ ಬಂದ ಕಲ್ಲು ಬಂದೂಕಿನ ಗುಂಡಿಗಿಂತ ಎಷ್ಟೋ ಪಾಲು ಜೋರಾಗಿ ಬಡಿದರೆ ನೆಲ ಸಿಡಿದು ಬೋಗುಣಿಯ ಹಾಗೆ ಕುಳಿ ಬೀಳುತ್ತೆ. ಸಿಡಿದ ಮಣ್ಣು ಸುತ್ತ ಏರಿಯಾಗುತ್ತೆ, ಬಾವಿ ತೋಡಿದಾಗ ದಡಕ್ಕೆ ಮಣ್ಣು ಬಿದ್ದ ಹಾಗೆ. ಅಲ್ಲಿ ಗಾಳಿ ಇಲ್ಲ, ಮಳೆ ಇಲ್ಲ, ಆದ್ದರಿಂದ ಕೋಟ್ಯಂತರ ವರ್ಷದ ಕುಳಿಗಳೂ ಉಳಿದಿವೆ. ಇಳಿಯೋ ನೌಕೆಯ ಕಾಲು ಅಂಥ ಏರಿ ಮೇಲೆ ಬಿದ್ದರೆ ನೌಕೆಯೇ ಮಗುಚುತ್ತೆ. ಇಳಿಯುವಾಗ ತಾನೇ ಸಪಾಟು ಜಾಗ ನೋಡಿಕೊಳ್ಳಬೇಕು.

ಆ ಕಣ್ಣು ಪರೀಕ್ಷೆ ಮಾಡೋಕೆ ಇಸ್ರೋದವರು ಚಂದ್ರಯಾನ-2ಕ್ಕಾಗಿ ಉಳ್ಳಾರ್ತಿಯಲ್ಲಿ ಕುಳಿ ತೋಡಿಸಿ, ನೌಕೆಯ ಉಪಕರಣಗಳನ್ನ ವಿಮಾನದಲ್ಲಿಟ್ಟು ಮೇಲೆ ಹಾರಿಸಿದರು. ಆ ನೌಕೆ 2019ರ ಸೆಪ್ಟೆಂಬರಿನಲ್ಲಿ ವೇಗ ಹತೋಟಿಗೆ ಬರದೆ ಚಂದ್ರನ ನೆಲಕ್ಕೆ ಅಪ್ಪಳಿಸಿತು. ಮತ್ತೆ ಯತ್ನ ಮಾಡೋ ಹೊತ್ತಿಗೆ ಚಳ್ಳಕೆರೆಯ ಕುಳಿಗಳು ಆಕಾರ ಕೆಟ್ಟಿದ್ದವು. ರಿಪೇರಿಗೂ ಬಗ್ಗಲಿಲ್ಲ. 10 ಮೀಟರ್ ಅಗಲ, 3 ಮೀಟರ್ ಆಳದ ಹೊಸವನ್ನ ತೋಡಿಸಲು 2020ರಲ್ಲಿ ಟೆಂಡರ್ ಕರೆದರು. ಹೊಲದ ಬದು ವರ್ಷಾವರ್ಷ ಕಟ್ಟೋ ನಮಗೆ ಇದರಲ್ಲೇನೂ ಸೋಜಿಗವಿಲ್ಲ!

2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ವಿಕ್ರಮ್ ಇಳಿಯಿತು. 27ನೇ ತಾರೀಕು ಪ್ರಜ್ಞಾನ್ ಬಂಡಿಯ ಎದುರಿಗೆ ಮೂರೇ ಮೀಟರ್ ದೂರದಲ್ಲಿ 4 ಮೀಟರ್ ಅಗಲದ ಕುಳಿ ಕಂಡಿತು. ಅಂದರೆ ಹದಿಮೂರಡಿ, ನಮ್ಮ ಹಗೇವಿನಷ್ಟು. ಬೆಂಗಳೂರಿಂದ ಅಪ್ಪಣೆ ಹೋಯ್ತು, ಬಂಡಿ ಹಿಂದಿರುಗಿ ಬೇರೆ ದಾರಿ ಹಿಡಿಯಿತು. ಆಮೇಲೆ ಆ ಫೋಟೋಗಳನ್ನ ಕೂಡಿಸಿ ನೋಡಿದಾಗ, ನೌಕೆ ಇಳಿದ ಬಯಲೇ 160 ಕಿಲೋಮೀಟರ್ ಅಗಲದ, ಮಣ್ಣಲ್ಲಿ ಹೂತುಹೋದ ಪುರಾತನ ಕುಳಿಯೊಳಗೆ ಇದೆ ಅಂತ ತಿಳಿಯಿತು.

ಹೆಮ್ಮೆ ಆಯ್ತು, ಸುಳ್ಳು ಹೇಳೋದಿಲ್ಲ. ಆದರೆ ಇನ್ನೊಂದು ಮಾತೂ ಬರೀಬೇಕು. ಚಳ್ಳಕೆರೆಯ ಕಾವಲುಗಳಲ್ಲಿ ಸುಮಾರು ಹತ್ತು ಸಾವಿರ ಎಕರೆ ಹಲವು ದೊಡ್ಡ ಸಂಸ್ಥೆಗಳಿಗೆ ಹೋಯ್ತು. ಇಸ್ರೋಗೆ ಸಿಕ್ಕಿದ್ದು ಅದರಲ್ಲೊಂದು ಸಣ್ಣ ಪಾಲು. ಕಾಂಪೌಂಡು ಎದ್ದವು. ಹಳ್ಳಿಯವರು ಧರಣಿ ಕೂತರು, ಹಸಿರು ನ್ಯಾಯಮಂಡಳಿವರೆಗೂ ವ್ಯಾಜ್ಯ ಹೋಗಿ 2014ರಲ್ಲಿ ತೀರ್ಪು ಬಂತು. ಗೋಡೆ ಮಾತ್ರ ನಿಂತೇ ಇವೆ. ಚಂದ್ರನ ಮೇಲಿನ ಬಂಡಿಗೆ ಒಂದು ಕುಳಿ ಸುತ್ತಿ ಹೋಗೋಕೆ ಅಷ್ಟು ಜನ ಕೂತು ದಾರಿ ಹುಡುಕಿದರಲ್ಲ, ಈ ಕುರಿಮಂದೆಗೂ ಗೋಡೆ ಪಕ್ಕ ಒಂದು ದಾರಿ ಬಿಡಬಹುದಿತ್ತು ಅಂತ ಕುರಿಗಾರರು ಕೇಳ್ತಾರೆ.